ನಿಮ್ಮ ಕೋಳಿ ನಮ್ಮ ಅಂಗಳಕ್ಕೆ ಬಂದಿದೆ

ಜೂಟರ್‌ಮೀರ್
೩ ಮಾರ್ಚ್ ೨೦೨೬, ಮಂಗಳವಾರ

ಪ್ರೀತಿಯ ಜಲಜಿ,

ಇತ್ತ ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ಕ್ಷೇಮ ಅಂದರೆ ಸುಳ್ಳಾಗುತ್ತದೆ. ಕ್ಷೇಮವಿಲ್ಲ ಅಂದರೆ ನಿನ್ನ ಮುಂದೆ ಗೋಳು ತೋಡಿಕೊಂಡಂತಾಗುತ್ತದೆ, ಅದಕ್ಕೆ ನನಗೆ ಹಕ್ಕಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೇಲ್ ಬರೆದರೆ ಆಫೀಸಿನ ವಾಸನೆ ಬರುತ್ತದೆ. ಆದ್ದರಿಂದ ಕಾಗದ. ಕೈಯಲ್ಲಿ ಕನ್ನಡ ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಸೊಟ್ಟಗಿದ್ದರೆ ಬೈದುಕೊಂಡು ಓದು.

ಸುತ್ತಿ ಬಳಸಿ ಬರೆಯುವುದಿಲ್ಲ. ಇದೇ ಹನ್ನೆರಡಕ್ಕೆ ವೈದ್ಯ ಮಂಡಳಿಯವರು ನಿನ್ನ ನೋಂದಣಿ ಉಳಿಸುವುದೋ ರದ್ದು ಮಾಡುವುದೋ ಎಂದು ತೀರ್ಮಾನಿಸಲು ಕೂರುತ್ತಾರೆ. ಆ ಶುಕ್ರವಾರ ನೂರ ಐವತ್ತಾರು ಹೆಂಗಸರ ಫೋನಿಗೆ ಹೋದ ಸಂದೇಶ ಕಳಿಸಿದವಳು ನೀನಲ್ಲ, ನಾನು. ನಿನಗಿದು ಹೊಸ ಸುದ್ದಿಯಲ್ಲ, ಒಂದು ವರ್ಷದಿಂದ ಗೊತ್ತು. ನನ್ನ ಬಾಯಿಂದ ಬಂದಿರಲಿಲ್ಲ, ಅಷ್ಟೆ. ಈ ಕಾಗದ ಕೊರಿಯರ್‌ನಲ್ಲಿ ಐದು ದಿನಕ್ಕೆ ಧಾರವಾಡ ಮುಟ್ಟುತ್ತದಂತೆ. ನೀನಿದನ್ನು ಮಂಡಳಿಯವರ ಮುಂದೆ ಇಡಬಹುದು, ಅದಕ್ಕಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಮಲಾವಿಯ ಸರೋವರದ ದಂಡೆಯ ಆ ಊರಿನಲ್ಲಿ ನಮ್ಮ ಅಧ್ಯಯನ ನಾಲ್ಕು ವರ್ಷ ನಡೆಯಿತು. ಎಚ್‌ಐವಿ ಇಲ್ಲದ, ಆದರೆ ತಗುಲುವ ಅಪಾಯವಿದ್ದ ನೂರ ಎಂಬತ್ತೇಳು ಹೆಂಗಸರಿಗೆ ಎರಡು ತಿಂಗಳಿಗೊಮ್ಮೆ ತಡೆ ಚುಚ್ಚುಮದ್ದು. ಪಕ್ಕದ ಕೋಣೆಯಲ್ಲಿ ಆಗಲೇ ಸೋಂಕು ತಗುಲಿದವರಿಗೆ ಚಿಕಿತ್ಸೆ. ಅಲ್ಲಿ ಕ್ಲಿನಿಕ್ ನಡೆಸುತ್ತಿದ್ದವಳು ನೀನು. ಇಲ್ಲಿ ರಾಟರ್‌ಡ್ಯಾಮಿನ ಕಚೇರಿಯಲ್ಲಿ ಕೂತು ಔಷಧ, ಅನುಮತಿ, ವರದಿ ಎಂದು ಕಾರ್ಯಕ್ರಮವನ್ನೆಲ್ಲ ನಡೆಸುತ್ತಿದ್ದವಳು ನಾನು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಐದು ವರ್ಷ ಕಳೆದವರು ನಾವು. ನಿನ್ನನ್ನು ಆ ಕೆಲಸಕ್ಕೆ ಎಳೆದವಳೂ ನಾನೇ. ಧಾರವಾಡದಲ್ಲಿ ನಿನ್ನ ಪಾಡಿಗೆ ನೀನು ಹೆರಿಗೆ ಮಾಡಿಸಿಕೊಂಡು ಇರುತ್ತಿದ್ದೆ.

ಅಲ್ಲಿ ಮನೆಗೊಂದು ಫೋನು, ಅದು ಗಂಡನ ಜೇಬಿನಲ್ಲಿ. ಹೆಂಡತಿ ಈ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾಳೆ ಎಂದು ಗಂಡನಿಗೆ ಗೊತ್ತಾದರೆ ಅವನಿಗೆ ತಿಳಿಯುವುದು ಎರಡೇ ಅರ್ಥ: ಇವಳಿಗೆ ರೋಗ ಇದೆ, ಇಲ್ಲವೇ ನನ್ನನ್ನು ನಂಬುವುದಿಲ್ಲ. ಅದಕ್ಕಾಗಿ ನೀನು ಒಂದು ಪದ್ಧತಿ ಮಾಡಿದೆ. ಸೇರುವ ದಿನ ಪ್ರತಿಯೊಬ್ಬಳೂ ನಿನ್ನೆದುರು ಕೂತು ತನ್ನದೇ ಒಂದು ಮಾತು ಆರಿಸಿಕೊಳ್ಳಬೇಕು. ಕ್ಲಿನಿಕ್ಕಿಗೆ ಬರುವ ದಿನ ಫೋನಿಗೆ ಆ ಮಾತು ಮಾತ್ರ ಹೋಗುತ್ತದೆ. ಒಬ್ಬಳಿಗೆ ಹಿಟ್ಟಿನ ಗಿರಣಿಗೆ ಕರೆಂಟು ಬಂದಿದೆ ಎಂದು, ಇನ್ನೊಬ್ಬಳಿಗೆ ಚರ್ಚಿನ ಹಾಡಿನ ಅಭ್ಯಾಸ ನಾಳೆ ಎಂದು. ನೂರ ಎಂಬತ್ತೇಳು ಹೆಂಗಸರು, ನೂರ ಎಂಬತ್ತೇಳು ಮಾತು. ಎಲ್ಲರಿಗೂ ಒಂದೇ ಮಾತು ಇಟ್ಟರೆ ಕೆಲಸ ಹಗುರವಾಗುತ್ತದಲ್ಲ ಎಂದು ನಾನು ಇಲ್ಲಿಂದ ಗೊಣಗಿದ್ದೆ. ಇಬ್ಬರು ಗಂಡಂದಿರು ಒಂದು ಕಡೆ ಕೂತು ಕುಡಿಯುವಾಗ ಇಬ್ಬರ ಫೋನಿಗೂ ಒಂದೇ ಮಾತು ಬಂದರೆ ಏನಾಗುತ್ತದೆ ನೋಡು ಎಂದು ನೀನು ಗದರಿದೆ. ನನಗೆ ಅದು ಹೊಳೆದೇ ಇರಲಿಲ್ಲ.

ಐವತ್ತೆಂಟನೇ ಸಂಖ್ಯೆಯವಳನ್ನು ನಾನು ನೋಡಿದ್ದೆ. ಅವರ ಹೆಸರು ನಮ್ಮ ಕಚೇರಿಗೆ ಬರಬಾರದು, ಸಂಖ್ಯೆ ಮಾತ್ರ ಬರಬೇಕು ಎಂಬುದು ನಿಯಮ, ಹಾಗಾಗಿ ಅವಳ ಹೆಸರು ನನಗೆ ಗೊತ್ತಾಗಲಿಲ್ಲ. ನಾನು ಕಾರ್ಯಕ್ರಮದ ತಪಾಸಣೆಗೆಂದು ಬಂದಿದ್ದಾಗ ಕ್ಲಿನಿಕ್ಕಿನ ಬೇವಿನ ಮರದ ಕೆಳಗೆ ಕೂತಿದ್ದಳು. ಒಣಮೀನು ಮಾರುವ ಹೆಂಗಸು, ತೆಳ್ಳಗೆ, ಮುಂದಿನ ಹಲ್ಲುಗಳ ನಡುವೆ ಸಂದು. ಗಂಡ ದೋಣಿಯ ಮೇಲೆ ವಾರಗಟ್ಟಲೆ ಬೇರೆ ದಂಡೆಗೆ ಹೋಗುತ್ತಿದ್ದವನು. ಅವಳು ಆರಿಸಿಕೊಂಡ ಮಾತು: ನಿಮ್ಮ ಕೋಳಿ ನಮ್ಮ ಅಂಗಳಕ್ಕೆ ಬಂದಿದೆ, ಬಂದು ಹಿಡಿದುಕೊಂಡು ಹೋಗಿ. ನಿನ್ನ ಮನೆಯಲ್ಲಿ ಕೋಳಿ ಇದೆಯಾ ಎಂದು ನೀನು ಕೇಳಿದರೆ ಇಲ್ಲ ಅಂದಳಂತೆ. ಮುಂದಿನ ಸಲ ಬರುವಷ್ಟರಲ್ಲಿ ಕೋಳಿ ಕೊಂಡಿದ್ದಳು, ಗಂಡನಿಗೆ ಅನುಮಾನ ಬಾರದಿರಲಿ ಎಂದು. ಸುಳ್ಳು ಹೇಳಾಕಂತ ಕೋಳಿ ಸಾಕ್ಯಾಳ ನೋಡು ಚಂದ್ರಿ, ನಮ್ಮಿಬ್ಬರಿಗಿಂತ ಶಾಣ್ಯಾ ಅದಾಳ ಎಂದು ನೀನು ನಗುತ್ತಿದ್ದೆ. ಆಮೇಲೆ ಹನ್ನೊಂದು ಕೋಳಿಯಾದವು. ನಿನ್ನ ನರ್ಸುಗಳೆಲ್ಲ ಅವಳ ಹತ್ತಿರವೇ ಮೊಟ್ಟೆ ಕೊಳ್ಳುತ್ತಿದ್ದರು.

ಇನ್ನು ಪಾಸ್‌ವರ್ಡಿನ ವಿಷಯ. ಆ ಹೆಂಗಸರ ಫೋನ್ ನಂಬರು, ಅವರ ಮಾತುಗಳು, ಇವನ್ನು ತೆರೆಯುವ ಅಧಿಕಾರ ಕ್ಲಿನಿಕ್ಕಿನ ಮುಖ್ಯ ವೈದ್ಯೆಗೆ ಮಾತ್ರ ಇತ್ತು, ಅಂದರೆ ನಿನಗೆ. ನನಗೆ ಇರಲಿಲ್ಲ, ಇರಬಾರದಾಗಿತ್ತು. ನಿನ್ನ ಅವ್ವ ತೀರಿಕೊಂಡಾಗ ನೀನು ಹದಿನೈದು ದಿನ ಧಾರವಾಡಕ್ಕೆ ಹೋದೆ. ಹೋಗುವಾಗ ವಿಮಾನ ನಿಲ್ದಾಣದಿಂದ ನನಗೆ ಪಾಸ್‌ವರ್ಡ್ ಕಳಿಸಿದೆ, ಯಾರ ಸಂದೇಶವೂ ತಪ್ಪದಿರಲಿ ಎಂದು. ರಾಜಮ್ಮ೧೭. ನಮ್ಮ ಮೆಸ್ಸಿನ ರಾಜಮ್ಮ, ನಮ್ಮ ಹದಿನೇಳನೇ ಕೋಣೆ. ತೊಂಬತ್ತು ದಿನಕ್ಕೊಮ್ಮೆ ಬದಲಿಸಲೇಬೇಕು ಎಂದು ಯಂತ್ರ ಹಟ ಹಿಡಿಯುತ್ತಿತ್ತು, ನೀನು ರಾಜಮ್ಮನನ್ನು ಹಾಗೇ ಬಿಟ್ಟು ಅಂಕಿಯನ್ನು ಮಾತ್ರ ಒಂದೊಂದು ಏರಿಸುತ್ತಿದ್ದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆ ಶುಕ್ರವಾರ ನಾನು ನಿನ್ನನ್ನು ಕೇಳಲೂ ಇಲ್ಲ. ಲೆಕ್ಕ ಹಾಕಿ ರಾಜಮ್ಮ೨೪ ಎಂದು ಒತ್ತಿದೆ, ಬಾಗಿಲು ತೆರೆಯಿತು.

ಬೇರೆ ಯಾರೂ ಹೀಗೆ ಮಾಡುವುದಿಲ್ಲ, ಜಲಜಿ. ಈ ದೇಶದವರು ಹೆಂಡತಿಗೂ ಪಾಸ್‌ವರ್ಡ್ ಕೊಡುವವರಲ್ಲ. ನಾವು ಒಂದೇ ತಟ್ಟೆಯಲ್ಲಿ ಉಂಡವರು, ನಮ್ಮಲ್ಲಿ ನಿನ್ನದು ನನ್ನದು ಎಂದಿರಲಿಲ್ಲ. ಯಂತ್ರಕ್ಕೆ ಅದು ಗೊತ್ತಿಲ್ಲವಲ್ಲ. ಯಾರು, ಯಾವ ನಿಮಿಷ, ಏನು ಒತ್ತಿದರು ಎಂದು ಬರೆದಿಟ್ಟುಕೊಳ್ಳುವುದೇ ಅದರ ಕೆಲಸ. ಅಲ್ಲಿ ನಿನ್ನ ಹೆಸರು ಬಿತ್ತು.

ಆ ದಿನ ೨೦೨೫ರ ಫೆಬ್ರವರಿ ಏಳು. ಹಣ ಕೊಡುತ್ತಿದ್ದವರು ಬೆಳಿಗ್ಗೆ ಒಂದು ಪುಟದ ಆದೇಶ ಕಳಿಸಿದರು: ಅಧ್ಯಯನ ಈಗಿಂದೀಗಲೇ ನಿಲ್ಲಬೇಕು, ಕ್ಲಿನಿಕ್ಕಿಗೆ ಬೀಗ, ಸಿಬ್ಬಂದಿ ಯಾರನ್ನೂ ಸಂಪರ್ಕಿಸಬಾರದು, ಇಲ್ಲಿಯ ಸಂಜೆ ಐದಕ್ಕೆ ಎಲ್ಲ ಯಂತ್ರಗಳೂ ಮುಚ್ಚುತ್ತವೆ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಈ ಚುಚ್ಚುಮದ್ದು ಮೈಯಿಂದ ಒಮ್ಮೆಲೇ ಹೋಗುವುದಿಲ್ಲ, ತಿಂಗಳುಗಟ್ಟಲೆ ಕಡಿಮೆಯಾಗುತ್ತಾ ಉಳಿಯುತ್ತದೆ. ಆ ಅರೆಬರೆ ದಿನಗಳಲ್ಲಿ ವೈರಸ್ ತಗುಲಿದರೆ ಅದು ಔಷಧಕ್ಕೇ ಬಗ್ಗದಂತಾಗುತ್ತದೆ, ಆಮೇಲೆ ಚಿಕಿತ್ಸೆಯೂ ಹಿಡಿಯುವುದಿಲ್ಲ. ಆದ್ದರಿಂದ ಚುಚ್ಚುಮದ್ದು ನಿಲ್ಲಿಸಿದ ಹೆಂಗಸಿಗೆ ದಿನಕ್ಕೊಂದು ಮಾತ್ರೆ ಸಿಗಲೇಬೇಕು. ಆದೇಶ ಬರೆದವರಿಗೆ ಇದು ಗೊತ್ತಿರಲಿಲ್ಲವೋ, ಬೇಕಿರಲಿಲ್ಲವೋ.

ನಿನ್ನ ಲ್ಯಾಪ್‌ಟಾಪನ್ನು ಬೆಳಿಗ್ಗೆಯೇ ಕಿತ್ತುಕೊಂಡಿದ್ದರು. ನೀನು ನಾಲ್ಕು ಗಂಟೆ ಜೀಪಿನಲ್ಲಿ ಕೂತು ರಾಜಧಾನಿಗೆ ಹೋಗಿ, ಸರ್ಕಾರದ ಔಷಧ ಉಗ್ರಾಣದ ಅಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿ, ಸೋಮವಾರದಿಂದ ಜಿಲ್ಲಾ ಆಸ್ಪತ್ರೆಯ ಏಳನೇ ಕಿಟಕಿಯಲ್ಲಿ ಮಾತ್ರೆ ಕೊಡಲು ಒಪ್ಪಿಸಿದೆ. ಅಲ್ಲಿಂದಲೇ ನನಗೆ ಫೋನು ಮಾಡಿದೆ. ಚಂದ್ರಿ, ಏನಾರ ಮಾಡು, ಆ ಹೆಣ್ಮಕ್ಕಳಿಗೆ ಹೆಂಗಾರ ಸುದ್ದಿ ಮುಟ್ಟಸು ಅಂದೆ. ನಾನು ಮನೆಯಿಂದ ಕೆಲಸ ಮಾಡುವ ದಿನ ಅದು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮೂರೂಕಾಲಿಗೆ ಕೂತೆ. ಅವರವರ ಮಾತಿನ ಕೊನೆಗೆ ಜಿಲ್ಲಾ ಆಸ್ಪತ್ರೆ, ಏಳು ಎಂದು ಸೇರಿಸಿ ಒಂದನೇ ಸಂಖ್ಯೆಯಿಂದ ಒಬ್ಬೊಬ್ಬರಿಗೇ ಕಳಿಸುತ್ತಾ ಹೋದೆ. ಐವತ್ತು ನಿಮಿಷದಲ್ಲಿ ಮೂವತ್ತೊಂದು ಮಂದಿಗೆ ಮುಟ್ಟಿತು. ಇನ್ನೂ ನೂರ ಐವತ್ತಾರು ಮಂದಿ ಬಾಕಿ. ಐದರೊಳಗೆ ಅಷ್ಟೂ ಮಂದಿಗೆ ಒಬ್ಬೊಬ್ಬರಂತೆ ಮುಟ್ಟಿಸುವುದು ಆಗದ ಮಾತು, ಯಾರು ಬೇಕಾದರೂ ಲೆಕ್ಕ ಹಾಕಿ ನೋಡಲಿ. ತುರ್ತಿಗೆಂದು ಅವರ ಭಾಷೆಯಲ್ಲಿ ಮೊದಲೇ ಸಿದ್ಧಪಡಿಸಿಟ್ಟಿದ್ದ ಒಂದು ಸಂದೇಶ ಇತ್ತು. ಅದಕ್ಕೆ ಏಳನೇ ಕಿಟಕಿಯನ್ನು ಸೇರಿಸಿ, ಉಳಿದವರೆಲ್ಲರಿಗೂ ಒಟ್ಟಿಗೆ ಒತ್ತಿದೆ. ನಿಮ್ಮ ಎಚ್‌ಐವಿ ಚುಚ್ಚುಮದ್ದು ನಿಂತಿದೆ, ಸೋಮವಾರದಿಂದ ಜಿಲ್ಲಾ ಆಸ್ಪತ್ರೆಯ ಏಳನೇ ಕಿಟಕಿಯಲ್ಲಿ ಮಾತ್ರೆ ಪಡೆಯಿರಿ. ಐದಕ್ಕೆ ಪರದೆ ಮುಚ್ಚುವವರೆಗೂ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂದು ನೋಡುತ್ತಾ ಕೂತಿದ್ದೆ. ಇಂದು ಕಚೇರಿಗೆ ನಾನು ಕೊಟ್ಟಿರುವ ಹೇಳಿಕೆಯಲ್ಲಿ ಹಾಗೆಂದು ಬರೆದಿದ್ದೇನೆ.

ಐವತ್ತೆಂಟನೆಯವಳ ಗಂಡ ಅಂದು ದಂಡೆಯಲ್ಲೇ ಇದ್ದ. ಫೋನು ಅವನ ಜೇಬಿನಲ್ಲಿತ್ತು. ಅವನು ಓದಿದ್ದು ಎಚ್‌ಐವಿ ಎಂಬ ಮೂರಕ್ಷರ, ಉಳಿದದ್ದು ಅವನಿಗೆ ಬೇಕಾಗಲಿಲ್ಲ. ಹೆಂಡತಿ ಪಕ್ಕದ ಚಿಕಿತ್ಸೆಯ ಕೋಣೆಯವಳು ಎಂದೇ ತಿಳಿದುಕೊಂಡ. ಅವಳಿಗೆ ಯಾವ ರೋಗವೂ ಇರಲಿಲ್ಲ, ಬರಬಾರದು ಎಂದೇ ಅವಳು ಮೂರು ವರ್ಷ ಒಣಮೀನಿನ ಬುಟ್ಟಿ ಹೊತ್ತು ನಿನ್ನ ಹತ್ತಿರ ಬಂದದ್ದು. ಕೋಳಿಗೂಡಿನ ಹತ್ತಿರ ಬಿದ್ದಿದ್ದಳಂತೆ, ತಲೆಗೆ ದೋಣಿಯ ಹುಟ್ಟಿನ ಪೆಟ್ಟು. ಬುಧವಾರ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡಳು, ಏಳನೇ ಕಿಟಕಿಯ ಹಿಂದಿನ ವಾರ್ಡಿನಲ್ಲಿ. ಇನ್ನೂ ಒಂಬತ್ತು ಮಂದಿಯನ್ನು ಮನೆಯಿಂದ ಹೊರಗೆ ಹಾಕಿದರು. ನೂರ ನಲವತ್ತಕ್ಕೂ ಹೆಚ್ಚು ಮಂದಿ ಮಾತ್ರೆ ಪಡೆದರು ಎಂಬುದೂ ನಿಜ. ಆ ಅಂಕಿಯನ್ನು ಹಿಡಿದುಕೊಂಡು ನಾನು ಬಹಳ ದಿನ ಬದುಕಿದೆ. ಬರದೇ ಉಳಿದವರಲ್ಲಿ ಎಷ್ಟು ಮಂದಿಗೆ ರೋಗ ತಗುಲಿತೋ ಯಾರಿಗೂ ಗೊತ್ತಿಲ್ಲ. ಎಣಿಸುವವರನ್ನೇ ಮನೆಗೆ ಕಳಿಸಿದ್ದರಲ್ಲ.

ವಿಚಾರಣೆ ಏಪ್ರಿಲಿನಲ್ಲಿ ಶುರುವಾಯಿತು. ಯಂತ್ರದ ದಾಖಲೆಯಲ್ಲಿ ನಿನ್ನ ಹೆಸರು. ನಿನ್ನನ್ನು ಕೇಳಿದರೆ, ಆ ಹೆಸರು ನನ್ನದು, ಅದರಿಂದ ಆದದ್ದಕ್ಕೆಲ್ಲ ನಾನೇ ಜವಾಬ್ದಾರಳು ಎಂದು ಒಂದೇ ಮಾತು ಬರೆದುಕೊಟ್ಟೆ. ನಾನು ಆ ಸಭೆಯಲ್ಲಿ ಮೇಜಿನ ಈಚೆ, ವಿಚಾರಿಸುವವರ ಕಡೆ ಕೂತಿದ್ದೆ. ನಿನ್ನ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನೇ ಆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ, ನಾನು ಅದನ್ನೂ ಮಾಡದೆ ನೆಟ್ಟಗೆ ಕೂತು ಓದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ರಾಜಮ್ಮ ಹೇಳುತ್ತಿದ್ದಳು, ನೆನಪಿದೆಯಾ. ಸಾಂಬಾರಿಗೆ ನಾನು ಉಪ್ಪು ಸುರಿದಾಗ ಬೈಸಿಕೊಂಡವಳು ಆಗಲೂ ನೀನೇ.

ಅಲ್ಲಿ ನಿನ್ನನ್ನು ತೆಗೆದರು, ದೇಶ ಬಿಡಿಸಿದರು, ಈಗ ನಮ್ಮ ರಾಜ್ಯದ ಮಂಡಳಿಯೂ ನೋಟಿಸು ಕೊಟ್ಟಿದೆ. ಇಪ್ಪತ್ತೆರಡು ವರ್ಷ ಡಾಕ್ಟರಾಗಿದ್ದವಳು ಈಗ ತಮ್ಮನ ಮೆಡಿಕಲ್ ಶಾಪಿನಲ್ಲಿ ಕೂತು ಕೆಮ್ಮಿನ ಔಷಧ ಕೊಡುತ್ತಿದ್ದೀಯ ಎಂದು ಕಾಲೇಜಿನ ನೀಲಾಂಬಿಕಾ ಬರೆದಿದ್ದಳು. ನಮ್ಮ ಬ್ಯಾಚಿನವರೆಲ್ಲ ನಿನ್ನ ಬಗ್ಗೆ ಏನೇನು ಮಾತಾಡುತ್ತಾರೆ ಎಂದೂ ಬರೆದಿದ್ದಳು. ಆ ಸಂದೇಶ ಕಳಿಸಿದವಳಿಗೆ ಮನುಷ್ಯತ್ವವೇ ಇರಲಿಕ್ಕಿಲ್ಲ ಅಂದಳು. ಹೌದು ಎಂದು ನಾನು ಉತ್ತರ ಬರೆದೆ. ಹೌದು ಎಂಬ ಒಂದು ಪದ, ಹೆಸರು ಹೇಳದೆ.

ನೀನು ಒಮ್ಮೆಯಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದುಕೊಂಡಿದ್ದೆ. ನೀನು ಕೇಳಲಿಲ್ಲ. ಯುಗಾದಿಯ ದಿನ ನಿನ್ನಿಂದ ಒಂದೇ ಸಾಲು ಬಂತು: ಹಿತಾ ಈಜೂದು ಎಲ್ಲೀತನ ಬಂತು? ಮಗಳು ಎರಡನೇ ಈಜು ಡಿಪ್ಲೊಮಾಕ್ಕೆ ಸೇರಿದ್ದಾಳೆ ಎಂದು ಬರೆದೆ. ನೀನು ಮತ್ತೆ ಬರೆಯಲಿಲ್ಲ. ಮಗು ಆರೋಗ್ಯವಾಗಿದೆ, ಒಂಬತ್ತು ತುಂಬಿತು, ನಾನು ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ. ಜಲಜಾ ಆಂಟಿ ಯಾಕೆ ಈಗ ವಿಡಿಯೋ ಕಾಲ್ ಮಾಡುವುದಿಲ್ಲ ಎಂದು ಮೊದಮೊದಲು ಕೇಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ವರ್ಷ ಯಾಕೆ ತಡೆದೆ ಎಂದು ಕೇಳುತ್ತೀಯ, ಅದನ್ನೂ ಹೇಳುತ್ತೇನೆ. ನಮ್ಮ ಕಾಯಂ ವಾಸದ ಅರ್ಜಿ ವಲಸೆ ಇಲಾಖೆಯಲ್ಲಿತ್ತು, ನನ್ನ ಕೆಲಸದ ಮೇಲೆ ಹಾಕಿದ್ದು. ಜಯದೇವ ವೆಲ್ಡ್‌ಹೋವನ್ನಿಗೆ ಕೆಲಸ ಬದಲಾಯಿಸಿ ಆಗಿನ್ನೂ ಆರು ತಿಂಗಳಾಗಿರಲಿಲ್ಲ, ವಾರವಿಡೀ ಅಲ್ಲೇ ಕೋಣೆ ಮಾಡಿಕೊಂಡಿರುತ್ತಿದ್ದರು. ವಿಚಾರಣೆ ಎಂದರೆ ಕೆಲಸ ಹೋಗುತ್ತದೆ, ಅರ್ಜಿಯೂ ಹೋಗುತ್ತದೆ. ಕಾಯಂ ವಾಸದ ಕಾಗದ ಕೈಗೆ ಬರಲಿ, ಆಮೇಲೆ ಹೇಳೋಣ ಎಂದು ಜಯದೇವ ಅಂದರು. ಅವರ ಮೇಲೆ ಹೊರಿಸುವುದು ಬೇಡ. ಅವರು ಹೇಳಿದ್ದು ಒಂದು ಸಲ, ನಾನು ನನಗೆ ಹೇಳಿಕೊಂಡದ್ದು ದಿನಾ. ಕಾಗದ ಜನವರಿ ಇಪ್ಪತ್ತೆರಡಕ್ಕೆ ಬಂತು. ಅಂದು ಜಯದೇವ ಪಾಯಸ ಮಾಡಿದರು. ನಾನು ಉಂಡೆ. ಆಮೇಲೂ ನಲವತ್ತು ದಿನ ಸುಮ್ಮನಿದ್ದೆ, ಅದಕ್ಕೆ ಯಾವ ಕಾರಣವೂ ಇಲ್ಲ.

ಇನ್ನೊಂದು. ಆ ಮಧ್ಯಾಹ್ನ ನೀನು ಫೋನಿನಲ್ಲಿ ಹೇಳಿದ್ದನ್ನು ಮೇಲೆ ಅರ್ಧ ಮಾತ್ರ ಬರೆದಿದ್ದೇನೆ. ಹೆಂಗಾರ ಸುದ್ದಿ ಮುಟ್ಟಸು ಎಂದ ಮೇಲೆ ನೀನು ಇನ್ನೊಂದು ಮಾತು ಹೇಳಿದೆ. ಆದ್ರ ಅವರವರ ಮಾತಿನಾಗ ಕಳಸು ಚಂದ್ರಿ, ಇಲ್ಲಂದ್ರ ಕಳಸಬ್ಯಾಡ, ನಾ ನಾಳೆ ಬಂದು ಮನಿಮನಿಗೆ ಹೋಗತೀನಿ ಅಂದೆ. ನಾನು ಹೂಂ ಅಂದೆ. ಹೇಳಿಕೆಯಲ್ಲಿ ಇದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ. ನಿನ್ನನ್ನು ಉಳಿಸುವುದು ಅದೇ ಮಾತು, ಅದಕ್ಕೇ ಬರೆದೆ.

ಇಂದು ಬೆಳಿಗ್ಗೆ ಬಸ್ಸು, ಆಮೇಲೆ ಮೆಟ್ರೊ ಹಿಡಿದು ರಾಟರ್‌ಡ್ಯಾಮಿಗೆ ಹೋಗಿ ನಮ್ಮ ನಿರ್ದೇಶಕಿಯ ಕೈಗೆ ಹೇಳಿಕೆ ಕೊಟ್ಟೆ. ಪಾಸ್‌ವರ್ಡಿನಿಂದ ಹಿಡಿದು ಎಲ್ಲ ಇದೆ. ಆಕೆ ಎಲ್ಲ ಓದಿದರು. ವಕೀಲರನ್ನು ನೋಡಿದ್ದೀರಾ ಎಂದು ಕೇಳಿದರು. ಇಲ್ಲ ಅಂದೆ. ನೋಡುವುದು ಒಳ್ಳೆಯದು ಅಂದರು. ನನ್ನ ಗುರುತಿನ ಚೀಟಿ ಅಲ್ಲೇ ಇಟ್ಟು ಬಂದೆ. ಧಾರವಾಡದ ನಿನ್ನ ವಕೀಲರಿಗೂ, ಮಂಡಳಿಗೂ ಪ್ರತಿ ಕಳಿಸಿದ್ದೇನೆ, ಕೊರಿಯರ್ ರಸೀದಿ ಇದರ ಜೊತೆಗಿದೆ. ಹನ್ನೆರಡರಂದು ಫೋನಿನಲ್ಲಿ ಹಾಜರಾಗಿ ಇದನ್ನೇ ಮತ್ತೆ ಹೇಳಲು ಸಿದ್ಧಳಿದ್ದೇನೆ. ಈ ಸಲ ಎದುರು ಕಡೆ ಕೂರುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯ ಎಂಬ ಭಯ ನನಗಿದೆ, ಆ ಐವತ್ತೆಂಟನೆಯವಳು ಕ್ಷಮಿಸಲಾರಳು. ನೀನು ಯಾಕೆ ಸುಮ್ಮನಿದ್ದೆ ಎಂದು ಮಾತ್ರ ಗೊತ್ತಾಗಲಿಲ್ಲ. ನನ್ನ ಮೇಲಿನ ಪ್ರೀತಿಗೋ, ಪಾಸ್‌ವರ್ಡ್ ಕೊಟ್ಟವಳು ತಾನೇ ಎಂಬ ಹಟಕ್ಕೋ, ನಾನು ಎಷ್ಟು ದಿನ ಸುಮ್ಮನಿರುತ್ತೇನೆ ನೋಡೋಣ ಎಂದೋ. ಮೂರನೆಯದಾದರೆ ನಿನಗೆ ಉತ್ತರ ಸಿಕ್ಕಿತು: ಮುನ್ನೂರ ಎಂಬತ್ತೊಂಬತ್ತು ದಿನ.

ವಿಚಾರಣೆಯ ಕಡತದಲ್ಲಿ ಆ ಮನೆಯ ಅಂಗಳದ ಒಂದು ಚಿತ್ರ ಇತ್ತು, ಪೊಲೀಸರು ತೆಗೆದದ್ದು. ಮೂಲೆಯಲ್ಲಿ ಕೋಳಿಗಳಿದ್ದವು, ನಾಲ್ಕೋ ಐದೋ. ಹನ್ನೊಂದಿದ್ದವಲ್ಲ, ಉಳಿದವು ಎಲ್ಲಿ ಹೋದವು ಎಂದು ಸಭೆಯಲ್ಲಿ ನಾನು ಯೋಚಿಸುತ್ತಾ ಕೂತಿದ್ದೆ. ಅವಳ ಮಕ್ಕಳು ಈಗ ಯಾರ ಹತ್ತಿರ ಇದ್ದಾರೆ, ನಿನಗೆ ಗೊತ್ತಿದ್ದರೆ ತಿಳಿಸು. ಅವಳ ಹೆಸರನ್ನೂ ತಿಳಿಸು. ಇನ್ನು ಯಾವ ನಿಯಮವನ್ನು ಮುರಿಯುವುದು ಬಾಕಿಯಿದೆ.

ನಿನ್ನ
ಹದಿನೇಳನೇ ಕೋಣೆಯ ಚಂದ್ರಪ್ರಭಾ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿದ್ದನ್ನು ಮತ್ತೆ ಹರಿದೆ. ಹೊತ್ತು ಸಾಲಲಿಲ್ಲ, ಲೆಕ್ಕ ಹಾಕಿ ನೋಡಲಿ ಎಂದು ಬರೆದೆನಲ್ಲ, ಆ ಲೆಕ್ಕ ನಿನಗೆ ಬಹಳ ಹಿಂದೆಯೇ ಗೊತ್ತು. ಒಟ್ಟು ಸಂದೇಶವನ್ನು ಐದಕ್ಕೆ ಐದು ನಿಮಿಷವಿರುವಾಗ ಒತ್ತಿದ್ದರೂ ಎಲ್ಲರಿಗೂ ಹೋಗುತ್ತಿತ್ತು. ಅಲ್ಲಿಯವರೆಗೆ ಒಬ್ಬೊಬ್ಬರಿಗೇ ಕಳಿಸುತ್ತಾ ಕೂರಬಹುದಿತ್ತು. ಇನ್ನೊಂದು ಐವತ್ತು ನಿಮಿಷ, ಇನ್ನೊಂದು ಮೂವತ್ತೊಂದು ಮಂದಿ. ಅರವತ್ತೆರಡರವರೆಗೆ ಮುಟ್ಟುತ್ತಿದ್ದೆ. ಐವತ್ತೆಂಟನೆಯವಳಿಗೆ ಅವಳ ಕೋಳಿಯ ಮಾತೇ ಹೋಗುತ್ತಿತ್ತು.

ಐದರವರೆಗೆ ನಾನು ಕೂತಿರಲಿಲ್ಲ. ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಒತ್ತಿ, ಎದ್ದು, ಸೈಕಲ್ ಹತ್ತಿದೆ. ಅಂದು ನಾಲ್ಕೂವರೆಗೆ ಹಿತಾಳ ಮೊದಲ ಈಜು ಡಿಪ್ಲೊಮಾ. ಇಲ್ಲಿ ಮಕ್ಕಳು ಉಟ್ಟ ಬಟ್ಟೆಯಲ್ಲಿ, ಶೂ ಹಾಕಿಕೊಂಡೇ ನೀರಿಗೆ ಹಾರಬೇಕು, ತಂದೆತಾಯಂದಿರು ದಡದಲ್ಲಿ ನಿಂತು ನೋಡಬೇಕು. ಹಿಂದಿನ ಎರಡು ಸಲ ಮಗು ಹೆದರಿ ವಾಪಸು ಬಂದಿತ್ತು. ಎರಡು ಸಲವೂ ನಾನು ಕೆಲಸವೆಂದು ಹೋಗಿರಲಿಲ್ಲ. ಈ ಸಲ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವಳು ಪಾಸಾದಳು. ಒದ್ದೆ ಬಟ್ಟೆಯಲ್ಲಿ ಹೆಬ್ಬೆರಳು ಎತ್ತಿ ನಿಂತ ಅವಳ ಫೋಟೋ ತೆಗೆದು ನಾಲ್ಕು ಐವತ್ತೆರಡಕ್ಕೆ ನಿನಗೆ ಕಳಿಸಿದೆ. ಎಲ್ಲರಿಗಿಂತ ಮೊದಲು ನಿನಗೆ. ಉಗ್ರಾಣದ ವರಾಂಡದಿಂದ ನೀನು ಶಾಣ್ಯಾ ಕೂಸು, ನನ್ನ ಪರವಾಗಿ ಮುತ್ತು ಕೊಡು ಎಂದು ಬರೆದೆ. ನಾನು ಕೊಟ್ಟೆ. ಯುಗಾದಿಯ ದಿನ ನೀನು ಈಜಿನ ವಿಷಯ ಕೇಳಿದ್ದು ಯಾಕೆಂದು ನನಗೆ ಅಂದೇ ತಿಳಿಯಿತು.

ಹೇಳಿಕೆಯಲ್ಲಿ ಇದು ಇಲ್ಲ. ಅಲ್ಲಿ ಹೊತ್ತು ಸಾಲದೆ ಎಂದೇ ಇದೆ, ಐದರವರೆಗೆ ಕೂತಿದ್ದೆ ಎಂದೇ ಇದೆ. ತಿದ್ದಬೇಕಾದರೆ ಮಗುವಿನ ಹೆಸರು ಬರೆಯಬೇಕು, ದೊಡ್ಡವಳಾದ ಮೇಲೆ ಅವಳು ಅದನ್ನು ಓದಬೇಕು. ನನ್ನ ಕೈಲಾಗಲಿಲ್ಲ. ನನ್ನ ಫೋನಿನಿಂದ ಆ ಫೋಟೋವನ್ನು ಹೋದ ವರ್ಷ ಮಾರ್ಚಿನಲ್ಲೇ ಅಳಿಸಿದ್ದೇನೆ. ಈಗ ಇರುವುದು ನಿನ್ನ ಹತ್ತಿರ ಮಾತ್ರ. ಹನ್ನೆರಡಕ್ಕೆ ಅದನ್ನು ತೋರಿಸುತ್ತೀಯೋ ಬಿಡುತ್ತೀಯೋ, ಅದನ್ನೂ ನಿನ್ನ ಮೇಲೇ ಹಾಕುತ್ತಿದ್ದೇನೆ. ತೋರಿಸುವುದಾದರೆ, ಹಿತಾಳ ಹಿಂದೆ ಗೋಡೆಯ ಮೇಲೆ ಈಜುಕೊಳದ ಗಡಿಯಾರ ಇದೆ, ಮುಳ್ಳು ಚೆನ್ನಾಗಿ ಕಾಣುತ್ತದೆ.